ಎರಡೆಲೆಯ ಗುರುತು

ಹೋದ ವರ್ಷ ಜೂನ್‌ನ ಒಂದು ಭಾನುವಾರ ನಮ್ಮ ಮನೆ ಮುಂದಿನ ಪಾತಿಯಲ್ಲಿದ್ದ ತುಂಬೆ ಸಸಿಗಳನ್ನು ಒಂದೂ ಬಿಡದೆ ಕಿತ್ತು ಹಾಕಿದೆ. ಬೇಕಂತ ಅಲ್ಲ, ಕಳೆ ಅಂದುಕೊಂಡು. ರಾತ್ರಿ ಮೃಗಶಿರ ಮಳೆ ಚೆನ್ನಾಗಿ ಸುರಿದಿತ್ತು. ಮಣ್ಣು ಮೆತ್ತಗಾಗಿ, ಬುಡ ಹಿಡಿದರೆ ಸಾಕು, ಬೇರು ಸಮೇತ ಸಲೀಸಾಗಿ ಬರುತ್ತಿತ್ತು. ಅಂಥ ಬೆಳಿಗ್ಗೆ ಕಳೆ ಕೀಳೋದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ನೋಡನೋಡುತ್ತಾ ಒಂದು ಬಕೆಟ್ ತುಂಬಿತು. ಸೊಂಟ ಹಿಡಿದುಕೊಂಡು ಎದ್ದು ನಿಂತು, ಬೋಳಾದ ಮಣ್ಣನ್ನು ನೋಡಿ, ನನಗೆ ನಾನೇ ಶಭಾಷ್ ಹೇಳಿಕೊಂಡು ಒಳಗೆ ಹೋಗಿ ಕಾಫಿ ಕುಡಿದೆ.

ಮಾರನೇ ದಿನ ಮನೆಕೆಲಸಕ್ಕೆ ಬರುವ ಅಕ್ಕ ಬಕೆಟ್ ಹತ್ತಿರ ನಿಂತುಬಿಟ್ಟರು. ಅವರಿಗೆ ಅರವತ್ತರ ಹತ್ತಿರ ವಯಸ್ಸು. ಟಿ. ನರಸೀಪುರದ ಕಡೆಯವರು, ಮೈಸೂರಿಗೆ ಬಂದು ಇಪ್ಪತ್ತು ವರ್ಷ ಆಗಿರಬೇಕು. "ಇದ್ಯಾಕವ್ವ ತುಂಬೆನೆಲ್ಲ ಕಿತ್ತಾಕಿದ್ದೀ? ಶಿವನ್ ಪೂಜೆಗಾದ್ರೂ ಆಗೋದು" ಅಂದರು. ಅದು ತುಂಬೆ ಅಲ್ಲ ಅಂತ ನಾನು ವಾದಕ್ಕೆ ನಿಂತೆ. ಅವರು ಮಾತಾಡಲಿಲ್ಲ. ಬಾಡಿದ ಒಂದು ಸಸಿ ಎತ್ತಿ ನನ್ನ ಕೈಗಿಟ್ಟು, ಕಡ್ಡಿಯನ್ನು ಎರಡು ಬೆರಳ ಮಧ್ಯೆ ಉರುಳಿಸಿ ನೋಡು ಅಂದರು. ಅದು ಉರುಳಲಿಲ್ಲ, ತಡವರಿಸಿತು. ಕಡ್ಡಿಗೆ ನಾಲ್ಕು ಮೂಲೆ ಇತ್ತು. ಎಲೆ ಹಿಸುಕಿ ಮೂಸಿದೆ. ಚಿಕ್ಕಂದಿನಲ್ಲಿ ನೆಗಡಿಯಾದಾಗ ಕಂಬಳಿ ಹೊದೆಸಿ ಹಬೆ ಕೊಡುತ್ತಿದ್ದರಲ್ಲ, ಅದೇ ಘಾಟು. ಅಷ್ಟರಲ್ಲಿ ಅಕ್ಕ ಪಾತಿ ಕಡೆ ತಿರುಗಿದ್ದರು. ನಾನು ಜೋಪಾನವಾಗಿ ಉಳಿಸಿದ್ದ ನಾಲ್ಕೈದು ಸಸಿಗಳನ್ನು ತೋರಿಸಿ, "ಈ ಕಾಂಗ್ರೆಸ್ ಗಿಡನ ಯಾಕೆ ಸಾಕ್ಕೊಂಡಿದ್ದೀ?" ಅಂದರು. ಹಬ್ಬದ ಹಾರ ಎಸೆದಿದ್ದ ಜಾಗ ಅದು. ಚೆಂಡುಹೂವಿನ ಸಸಿ ಎದ್ದಿದೆ, ದಸರಾ ಹೊತ್ತಿಗೆ ಹೂ ಬಿಡುತ್ತೆ ಅಂತ ನಾನು ಕಾಯುತ್ತಿದ್ದೆ.

ಪಾರ್ಥೇನಿಯಂ ಉಳಿಸಿ ತುಂಬೆ ಕಿತ್ತವಳು ನಾನು. ಅದೂ 'ನಮ್ಮ ನೆಲದ ಗಿಡಗಳ ಪಾತಿ' ಅಂತ ಬಂದವರಿಗೆಲ್ಲ ತೋರಿಸಿ ಹೇಳಿಕೊಂಡು ತಿರುಗುತ್ತಿದ್ದವಳು. ಇದು ಒಂದು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದೆ.

ಲಾನ್ ಅಗೆದ ಮೇಲೆ

ಪಾತಿ ಏನೂ ದೊಡ್ಡದಲ್ಲ. ಕಾಂಪೌಂಡ್ ಪಕ್ಕ ಹದಿನೆಂಟು ಅಡಿ ಉದ್ದ, ಐದು ಅಡಿ ಅಗಲ. ಮೊದಲು ಅಲ್ಲಿ ಲಾನ್ ಇತ್ತು. ಬೇಸಿಗೆಯಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕರೆಸೋ ಹೊತ್ತಲ್ಲಿ ಹುಲ್ಲಿಗೆ ಪೈಪ್ ಹಿಡಿದು ನಿಲ್ಲೋಕೆ ನಾಚಿಕೆಯಾಗಿ ಅಗೆಸಿ ಹಾಕಿದೆ. ಅದರ ಜಾಗಕ್ಕೆ ಗೋರಂಟೆ, ಕೇಪಳ, ತಂಗಡಿ, ಲಾವಂಚ, ಒಂದು ಲಕ್ಕಿ, ಮೂಲೆಯಲ್ಲೊಂದು ಎಕ್ಕ, ಕಾಂಪೌಂಡ್ ಮೇಲೆ ಹಬ್ಬೋಕೆ ಈಶ್ವರಿ ಬಳ್ಳಿ. ಈಶ್ವರಿ ಬಳ್ಳಿ ಇದ್ದರೆ ಕೆಂಪು ಮೈಯಿನ ಕ್ರಿಮ್ಸನ್ ರೋಸ್ ಚಿಟ್ಟೆ ಮೊಟ್ಟೆ ಇಡೋಕೆ ಹುಡುಕಿಕೊಂಡು ಬರುತ್ತೆ. ಎಕ್ಕಕ್ಕೆ ಪ್ಲೇನ್ ಟೈಗರ್ ಬರುತ್ತೆ. ಇವು ಮಳೆ ನೀರಲ್ಲೇ ಬದುಕಿ ಅಭ್ಯಾಸ ಇರೋ ಗಿಡಗಳು, ಒಂದು ಸಲ ಬೇರು ಬಿಟ್ಟರೆ ನೀನು ಮಾಡೋದು ಏನೂ ಇರಲ್ಲ ಅಂತ ಎಲ್ಲರೂ ಹೇಳಿದ್ದರು. ನೀರಿನ ಮಟ್ಟಿಗೆ ಆ ಮಾತು ನಿಜ. ಕಳೆ ವಿಷಯ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ.

ತಪ್ಪು ಆಗಿದ್ದು ಮೊದಲ ದಿನವೇ. ಒಂದು ಲೋಡ್ ಕೆಮ್ಮಣ್ಣು ಹೊಡೆಸಿದೆ, ಎಲ್ಲಿಂದ ತಂದಿರಿ ಅಂತ ಕೇಳಲಿಲ್ಲ. ಅದರ ಮೇಲೆ ನಾಲ್ಕು ಚೀಲ ಕೊಟ್ಟಿಗೆ ಗೊಬ್ಬರ ಸುರಿಸಿದೆ. ಸರಿಯಾಗಿ ಕೊಳೆತಿದೆಯಾ ಅಂತ ಕೈ ಹಾಕಿ ನೋಡಲಿಲ್ಲ. ಹಸು ತಿಂದ ಹುಲ್ಲಿನ ಬೀಜ ಎಷ್ಟೋ ಸಲ ಸಗಣಿಯಲ್ಲಿ ಹಾಗೇ ಜೀವಂತ ಬರುತ್ತೆ. ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಬೆಂದರೆ ಮಾತ್ರ ಸಾಯೋದು. ಹಸಿ ಗೊಬ್ಬರ ಅಂದರೆ ಬಿತ್ತನೆ ಬೀಜ ಕೊಂಡು ಹಾಕಿದ ಹಾಗೆ. ಮೂರನೇ ವಾರಕ್ಕೆ ನೆಟ್ಟ ಗಿಡಗಳು ಯಾವುವು ಅಂತ ಹುಡುಕಬೇಕಾಯಿತು. ಈಗ ಯಾರಾದರೂ ಹೊಸದಾಗಿ ಪಾತಿ ಮಾಡ್ತೀನಿ ಅಂದರೆ ನಾನು ಹೇಳೋದು ಇಷ್ಟೇ: ಮಣ್ಣು ತುಂಬಿಸಿ, ನೀರು ಹಾಕಿ, ಏನೂ ನೆಡದೆ ಒಂದು ತಿಂಗಳು ಸುಮ್ನೆ ಬಿಡಿ. ಏಳೋದೆಲ್ಲ ಏಳಲಿ, ಕೀಳಿ. ಇನ್ನೊಮ್ಮೆ ನೀರು ಹಾಕಿ, ಇನ್ನೊಮ್ಮೆ ಕೀಳಿ. ಆಮೇಲೆ ನರ್ಸರಿಗೆ ಹೋಗಿ. ಯಾರೂ ಕೇಳಲ್ಲ, ಬಿಡಿ. ಗಿಡ ತಂದು ಮನೆ ಮುಂದೆ ಇಟ್ಟುಕೊಂಡು ಒಂದು ತಿಂಗಳು ಕಾಯೋ ತಾಳ್ಮೆ ನನಗೂ ಇರಲಿಲ್ಲ.

ಅಜ್ಜಿಯ ಹೊಲದಲ್ಲಿ

ಅಕ್ಕ ಕಡ್ಡಿ ಉರುಳಿಸು ಅಂದಾಗ ನನಗೆ ನೆನಪಾದದ್ದು ನಾಗಮಂಗಲದ ಹತ್ತಿರ ಅಜ್ಜಿಯ ರಾಗಿ ಹೊಲ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ರಾಗಿ ಪೈರು ಗೇಣುದ್ದ ಎದ್ದಿರುತ್ತಿತ್ತು. ಎಡೆಕುಂಟೆ ಹೊಡೆದು ಮುಗಿದಿರುತ್ತಿತ್ತು, ಸಾಲಿನ ಮಧ್ಯದ ಹುಲ್ಲು ಸತ್ತಿರುತ್ತಿತ್ತು. ಆದರೆ ಸಾಲಿನ ಒಳಗೇ, ರಾಗಿಯ ಬುಡಕ್ಕೆ ಅಂಟಿಕೊಂಡು ಎದ್ದ ಹುಲ್ಲಿಗೆ ಕುಂಟೆ ತಾಗೋದಿಲ್ಲ. ಅದನ್ನು ಕೈಯಲ್ಲೇ ಕೀಳಬೇಕು. ಐದಾರು ಜನ ಹೆಂಗಸರು ಸಾಲಿಗೊಬ್ಬರಂತೆ ಬಗ್ಗಿ ಕೂತು, ಬಾಯಲ್ಲಿ ಊರಿನ ಸುದ್ದಿಯೆಲ್ಲ ಆಡುತ್ತಾ, ಕಣ್ಣು ಹಾಯಿಸದೆ ಬೆರಳಲ್ಲೇ ಹುಡುಕಿ ಕೀಳುತ್ತಾ ಮುಂದೆ ಸಾಗುತ್ತಿದ್ದರು.

ನನಗೆ ಎಂಟು ವರ್ಷ ಇರಬೇಕು. ನಾನೂ ಕೀಳ್ತೀನಿ ಅಂತ ಹಟ ಮಾಡಿ ಒಂದು ಸಾಲು ಹಿಡಿದೆ. ರಾಗಿ ಜೊತೆ ಒಂದು ಹುಲ್ಲು ಏಳುತ್ತೆ, ಥೇಟ್ ರಾಗಿ ಪೈರಿನ ಹಾಗೇ. ಎಲೆಯೂ ಅದೇ, ಬಣ್ಣವೂ ಹೆಚ್ಚು ಕಡಿಮೆ ಅದೇ. ಅದು ರಾಗಿಯ ಹತ್ತಿರದ ನೆಂಟ ಅಂತ ಎಷ್ಟೋ ವರ್ಷ ಆದಮೇಲೆ ಓದಿ ತಿಳಿಯಿತು. ತೆನೆ ಒಡೆಯುವವರೆಗೆ ನನ್ನಂಥವರಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ನಾನು ಹತ್ತು ನಿಮಿಷದಲ್ಲಿ ಒಂದು ಹಿಡಿ ಕಿತ್ತು ಹೆಮ್ಮೆಯಿಂದ ತಂದು ತೋರಿಸಿದೆ. ಅಜ್ಜಿ ಆ ಹಿಡಿಯನ್ನು ಬಿಡಿಸಿ ನೋಡಿ, "ಉಣ್ಣೋ ಹಿಟ್ಟನ್ನೇ ಕಿತ್ಕೊಂಡು ಬಂದ್ಯಲ್ಲೇ ಮುಂಡೇದೇ" ಅಂತ ತಲೆಗೆ ಒಂದು ಮೊಟಕಿದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಗಿಡದ ಬುಡ ಮುಟ್ಟಿಸಿದರು. ಹುಲ್ಲಿನ ಬುಡ ಚಪ್ಪಟೆ, ತಗಡಿನ ಹಾಗೆ, ಬೆಳ್ಳಗೆ. ರಾಗಿಯ ಬುಡ ಅಷ್ಟು ಚಪ್ಪಟೆ ಅಲ್ಲ. ಕಣ್ಣು ಮುಚ್ಚಿಸಿ ಇನ್ನೊಂದು ಸಲ ಮುಟ್ಟಿಸಿದರು. ನಾನು ಆಗಲೂ ತಪ್ಪು ಹೇಳಿದೆ.

ಇನ್ನೊಂದು ವಿಷಯ ಆಗ ಗಮನಕ್ಕೆ ಬಂದಿರಲಿಲ್ಲ, ಈಗ ಬರುತ್ತಿದೆ. ಅಜ್ಜಿಯ ಹತ್ತಿರ ಎರಡು ಗುಡ್ಡೆ ಇರುತ್ತಿತ್ತು. ಹುಲ್ಲಿನದು ಹಸುವಿಗೆ. ಇನ್ನೊಂದು, ಸೆರಗಿನ ಮಡಿಲಲ್ಲಿ ತುಂಬಿಕೊಂಡದ್ದು, ಸಾರಿಗೆ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕನ್ನೆ ಸೊಪ್ಪು, ಅಲ್ಲಲ್ಲಿ ಹೊನಗೊನ್ನೆ. ಎಲ್ಲ ಸೇರಿ ಬೆರಕೆ ಸೊಪ್ಪು. ಅವತ್ತು ರಾತ್ರಿ ಮಸ್ಸೊಪ್ಪು, ಮುದ್ದೆ. ಆ ಹೊಲದಲ್ಲಿ ಕಿತ್ತು ದೂರ ಎಸೆಯುತ್ತಿದ್ದದ್ದು ಕಾಂಗ್ರೆಸ್ ಗಿಡ ಒಂದನ್ನೇ. ಅದನ್ನು ಹಸುವೂ ಮೂಸೋದಿಲ್ಲ. ಈಗ ನಮ್ಮ ಬೀದಿಯ ಗಾಡಿಯಲ್ಲಿ ಬೆರಕೆ ಸೊಪ್ಪು ಅಪರೂಪಕ್ಕೆ ಬಂದರೆ ಮುಗಿಬಿದ್ದು ಕೊಳ್ಳುತ್ತೇವೆ. ಅದೇ ಅಣ್ಣೆ ಸೊಪ್ಪು ಪಾತಿಯಲ್ಲಿ ಎದ್ದರೆ ಬಕೆಟ್‌ಗೆ ಹೋಗುತ್ತೆ.

ನಾಟಿ ಅಂದರೆ ಯಾವುದು

ನಮ್ಮ ಕಡೆ 'ನಾಟಿ' ಅನ್ನೋದು ದೊಡ್ಡ ಸರ್ಟಿಫಿಕೇಟು. ನಾಟಿ ಕೋಳಿ, ನಾಟಿ ಕೊತ್ತಂಬರಿ, ನಾಟಿ ಟೊಮೆಟೊ. ಟೊಮೆಟೊ ಅಮೆರಿಕ ಖಂಡದಿಂದ ಬಂದದ್ದು, ಮೆಣಸಿನಕಾಯಿಯೂ ಅಲ್ಲಿಂದಲೇ. ಆಯುಧಪೂಜೆಗೆ ಲಾರಿಗಟ್ಟಲೆ ಬರುವ ಚೆಂಡುಹೂವಿನ ಮೂಲ ಮೆಕ್ಸಿಕೋ. ಮಕ್ಕಳಿಗೆ ನಾವೇ ತೋರಿಸಿ ಆಡಿಸುವ ಮುಟ್ಟಿದರೆ ಮುನಿಯೂ ಅಲ್ಲಿಯದೇ. ಇವನ್ನೆಲ್ಲ ಬೇಲಿಯಾಚೆ ಇಡೋಕೆ ಹೊರಟರೆ ಅಡುಗೆಮನೆಯೂ ಖಾಲಿ, ದೇವರ ಮನೆಯೂ ಖಾಲಿ. ಹಾಗಾಗಿ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅನ್ನೋ ಮಾತು ನನಗೆ ಹಿಡಿಸೋದಿಲ್ಲ.

ಚೆಂಡುಹೂ ಮೆಕ್ಸಿಕೋದಿಂದ ಬಂತು, ನಾವು ಹಾಕಿದ ಕಡೆ ನಿಂತಿದೆ. ಪಾರ್ಥೇನಿಯಂ ಕೂಡ ಅದೇ ಕಡೆಯದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದಿಂದ ಬಂದ ಗೋಧಿ ಜೊತೆ ಬಂತು ಅಂತ ಜನ ಹೇಳುತ್ತಾರೆ, ಬಿಳಿ ಹೂ ಕಾಂಗ್ರೆಸ್ ಟೋಪಿ ಹಾಗಿದೆ ಅದಕ್ಕೇ ಆ ಹೆಸರು ಅಂತಲೂ ಹೇಳುತ್ತಾರೆ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಲಂಟಾನಾ ಹೂವಿನ ಚೆಂದಕ್ಕೆ ಅಂತ 1800ರ ದಶಕದ ಮೊದಲಲ್ಲಿ ಕಲ್ಕತ್ತಾದ ಸಸ್ಯತೋಟಕ್ಕೆ ತಂದ ಗಿಡ. ಈಗ ಬಂಡೀಪುರದ ರಸ್ತೆಯಲ್ಲಿ ಹೋದರೆ ಎರಡೂ ಕಡೆ ಅದೇ ಕಾಣೋದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಟೇಬಲ್ ಮಾಡುತ್ತಾರೆ. ಆದರೂ ಕಾಡಿನಲ್ಲಿ ಅದು ಕಮ್ಮಿಯಾದ ಹಾಗೆ ಕಾಣೋದಿಲ್ಲ.

ತಮಾಷೆ ಅಂದರೆ, ನನ್ನ ಪಾತಿಯಲ್ಲಿ ನನ್ನ ಸೊಂಟ ಮುರಿದವು ಇವ್ಯಾವೂ ಅಲ್ಲ. ಗರಿಕೆ ಮತ್ತು ತುಂಗೆ. ಎರಡೂ ನಮ್ಮವೇ, ಎಷ್ಟೋ ಕಾಲದಿಂದ. ಒಂದು ಗಣಪತಿಗೆ, ಇನ್ನೊಂದು ಔಷಧಿಗೆ.

ತುಂಗೆ ಜೊತೆ ಮೂರು ವರ್ಷ

ತುಂಗೆಗೆ ನಮ್ಮಲ್ಲಿ ಜೇಕು ಅಂತಾರೆ, ಕೊನ್ನಾರಿ ಗಡ್ಡೆ ಅಂತಲೂ ಅಂತಾರೆ. ನೋಡೋಕೆ ಹುಲ್ಲು, ಹುಲ್ಲಲ್ಲ. ಕಡ್ಡಿ ಮುಟ್ಟಿದರೆ ಮೂರು ಮೂಲೆ. (ಈಗ ನನಗೆ ಎಲ್ಲದರ ಕಡ್ಡಿ ಮುಟ್ಟೋ ಚಟ ಹಿಡಿದಿದೆ.) ಮೊದಲ ವರ್ಷ ನಾನು ಅದನ್ನು ಹುಲ್ಲಿನ ಹಾಗೇ ಎಳೆದು ಎಸೆಯುತ್ತಿದ್ದೆ. ಸುಲಭವಾಗಿ ಕಿತ್ತು ಬರುತ್ತೆ, ಅದೇ ಅದರ ಮೋಸ. ಕೈಗೆ ಬರೋದು ಎಲೆ ಮಾತ್ರ. ಕೆಳಗೆ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಡ್ಡೆ ಹಾಗೇ ಕೂತಿರುತ್ತೆ. ಒಂದು ದಿನ ಸಿಟ್ಟು ಬಂದು ಕೈಗುದ್ದಲಿಯಲ್ಲಿ ಅರ್ಧ ಅಡಿ ಅಗೆದೆ. ಒಂದು ಗಡ್ಡೆ, ಅದರಿಂದ ದಾರದಂಥ ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಇನ್ನೊಂದು. ಹರಿದ ಜಪಮಾಲೆ ಹಾಗೆ. ಒಂದನ್ನು ಹಿಸುಕಿದರೆ ಒಳ್ಳೇ ಪರಿಮಳ. ಸ್ನಾನದ ಪುಡಿಗೆ ಹಾಕೋದು ಇದನ್ನೇ.

ಗುದ್ದಲಿ ಹಾಕಿದ್ದು ಇನ್ನೊಂದು ತಪ್ಪು. ಮಾಲೆ ತುಂಡಾಗಿ ಒಂದೊಂದು ಮಣಿಯೂ ಒಂದೊಂದು ಗಿಡವಾಯಿತು. ಗರಿಕೆಯದೂ ಅದೇ ಕಥೆ, ಒಂದು ಗಿಣ್ಣು ಉಳಿದರೆ ಸಾಕು. ಮೇಲಾಗಿ ಮಣ್ಣು ಕೆದಕಿದಾಗ ಆಳದಲ್ಲಿ ಮಲಗಿದ್ದ ಬೀಜಗಳಿಗೆ ಬೆಳಕು ಬಿದ್ದು ಅವೂ ಎದ್ದವು. ರಾಗಿ ಹೊಲದಲ್ಲಿ ಕುಂಟೆ ಹೊಡೆಯೋದು ಸರಿ, ಅಲ್ಲಿ ನಾಲ್ಕು ತಿಂಗಳಿಗೆ ಕೊಯ್ಲು. ಹತ್ತು ವರ್ಷ ನಿಲ್ಲಬೇಕಾದ ಗಿಡಗಳ ಮಧ್ಯೆ ಕೆದಕಿದಷ್ಟೂ ಕೆಲಸ ಜಾಸ್ತಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ನೋಡಿದೆ. ತುಂಗೆಯ ಚೂಪು ಮೊಳಕೆ ಶೀಟನ್ನೇ ಚುಚ್ಚಿಕೊಂಡು ಹೊರಗೆ ಬಂತು. ಅವತ್ತು ನಿಜವಾಗಲೂ ಕೂತು ನಕ್ಕೆ.

ಪಕ್ಕದ ಮನೆಯವರು ಕಳೆ ಔಷಧಿ ಹೊಡೆಸಿ ಅಂದರು. ಸಾಯಿಸೋ ವಿಷಕ್ಕೂ ನಮ್ಮ ಬಾಯಲ್ಲಿ ಔಷಧಿ ಅಂತಲೇ ಹೆಸರು, ಅಲ್ವಾ? ಗೋರಂಟೆ ಬುಡದಲ್ಲೇ ತುಂಗೆ ಇರುವಾಗ ಒಂದಕ್ಕೆ ಹೊಡೆದು ಇನ್ನೊಂದನ್ನು ಉಳಿಸೋ ಕೈ ನನಗಿಲ್ಲ. ಚಿಟ್ಟೆ ಬರಲಿ ಅಂತ ಪಾತಿ ಮಾಡಿ ಅದರ ಮೇಲೇ ವಿಷ ಹೊಡೆಯೋಕೆ ಮನಸ್ಸೂ ಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಎರಡೇ. ಒಂದು, ಬಿಡದೆ ಕೀಳೋದು. ತುಂಗೆ ಮೊಳಕೆ ಎದ್ದು ಮೂರು ವಾರ ಬಿಟ್ಟರೆ ಹೊಸ ಗಡ್ಡೆ ಕಟ್ಟೋಕೆ ಶುರು ಮಾಡುತ್ತೆ. ಅದಕ್ಕೆ ಮೊದಲೇ ಎಲೆ ತೆಗೆದರೆ ಹಳೇ ಗಡ್ಡೆ ತನ್ನ ಗಂಟು ಕರಗಿಸಿ ಮತ್ತೆ ಎಲೆ ಬಿಡಬೇಕು. ಹೀಗೆ ಮೇಲಿಂದ ಮೇಲೆ ಮಾಡಿದರೆ ಅದು ಸೋಲುತ್ತೆ. ಪ್ರತಿ ಶನಿವಾರ ಇಪ್ಪತ್ತು ನಿಮಿಷ, ಅಷ್ಟೇ. ತಿಂಗಳಿಗೊಮ್ಮೆ ಅರ್ಧ ದಿನ ಕೂತರೆ ಪ್ರಯೋಜನ ಇಲ್ಲ. ಎರಡು, ನೆರಳು. ತುಂಗೆಗೆ ನೆರಳು ಆಗಿಬರೋದಿಲ್ಲ. ಗೋರಂಟೆ, ಕೇಪಳಗಳನ್ನು ಒತ್ತೊತ್ತಾಗಿ ನೆಟ್ಟು, ತೇವ ಇರುವ ಕಡೆ ಬುಡಕ್ಕೆ ಒಂದೆಲಗ ಹಬ್ಬಿಸಿದೆ. ಮೂರನೇ ವರ್ಷ ಅವು ಒಂದಕ್ಕೊಂದು ಕೈ ಹಿಡಿದ ಮೇಲೆ ತುಂಗೆ ಅಂಚಿಗೆ ಸರಿಯಿತು. ಪೂರ್ತಿ ಹೋಗಿಲ್ಲ. ಗರಿಕೆಗೆ ಗೇಟಿನ ಹತ್ತಿರ ಒಂದು ಮೊಳ ಜಾಗ ಬಿಟ್ಟುಕೊಟ್ಟಿದ್ದೇನೆ. ಗಣಪತಿ ಹಬ್ಬದ ದಿನ ಬೀದಿಯವರೆಲ್ಲ ಬರೋದು ಅಲ್ಲಿಗೇ.

ಪಾರ್ಥೇನಿಯಂ ವಿಷಯದಲ್ಲಿ ನನಗೆ ಒಬ್ಬ ಸಹಾಯಕ ಇದ್ದಾನೆ. ಕೆನೆ ಬಣ್ಣದ ಮೈ ಮೇಲೆ ಕಂದು ಗೀಟುಗಳಿರುವ, ಕಾಳಿನಷ್ಟು ಸಣ್ಣ ದುಂಬಿ. ಆ ಗಿಡದ ತವರು ಮೆಕ್ಸಿಕೋದಿಂದಲೇ 1984ರಲ್ಲಿ ಬೆಂಗಳೂರಿಗೆ ತಂದು ಬಿಟ್ಟದ್ದು. ಸೂರ್ಯಕಾಂತಿ ಎಲೆಯನ್ನೂ ತಿನ್ನುತ್ತೆ ಅಂತ ಒಂದು ಕಾಲದಲ್ಲಿ ಗಲಾಟೆಯೂ ಆಗಿತ್ತು. ಮಳೆಗಾಲದಲ್ಲಿ ನಮ್ಮ ಎದುರಿನ ಖಾಲಿ ಸೈಟಿನ ಗಿಡಗಳನ್ನು ಬರೀ ಕಡ್ಡಿ ಮಾಡಿ ಬಿಟ್ಟಿರುತ್ತೆ. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗುತ್ತೆ, ಗಿಡ ಮಲಗೋದಿಲ್ಲ. ಹಾಗಾಗಿ ಹೂ ಬಿಡೋ ಮೊದಲೇ, ಕೈಗೆ ಗ್ಲೌಸ್ ಹಾಕಿಕೊಂಡು ನಾನೇ ಕೀಳಬೇಕು. ಗ್ಲೌಸ್ ಇಲ್ಲದೆ ಒಂದು ಸಲ ಕಿತ್ತು, ಮೊಣಕೈವರೆಗೆ ದದ್ದು ಎದ್ದು ಒಂದು ವಾರ ಕೆರೆದುಕೊಂಡಿದ್ದೇನೆ.

ಒಂದು ಮೂಲೆ ಬೋಳು

ತರಗೆಲೆ ಹಾಸಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಸುತ್ತೇನೆ. ಬೇಸಿಗೆ ಶುರುವಿನಲ್ಲಿ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸಿದಾಗ, ಯಾರಾದರೂ ಬೆಂಕಿ ಹಚ್ಚೋ ಮೊದಲು ಗೋಣಿಚೀಲ ಹಿಡಿದು ಓಡುತ್ತೇನೆ. ಮೂರು ನಾಲ್ಕು ಇಂಚು ದಪ್ಪಕ್ಕೆ ಹಾಸಿದರೆ ಕೆಳಗೆ ಬೆಳಕಿಲ್ಲ, ಹೊಸ ಬೀಜ ಏಳೋದು ಕಮ್ಮಿ, ಮಣ್ಣಿನ ತೇವವೂ ಉಳಿಯುತ್ತೆ. ಆದರೆ ಇದರಲ್ಲಿ ಒಂದು ತೊಡಕಿದೆ. ತರಗೆಲೆಗೆ ಪಾರ್ಥೇನಿಯಂ ಯಾವುದು, ತುಂಬೆ ಯಾವುದು ಅಂತ ಗೊತ್ತಿಲ್ಲ. ತುಂಬೆಯೂ ವರ್ಷಕ್ಕೊಮ್ಮೆ ಬೀಜ ಉದುರಿ ಮತ್ತೆ ಏಳಬೇಕಾದ ಗಿಡ. ಅದಕ್ಕೆ ಬಿಚ್ಚು ಮಣ್ಣು ಬೇಕು. ನೆಲದಲ್ಲಿ ಸಣ್ಣ ತೂತು ಕೊರೆದು ಗೂಡು ಮಾಡುವ ಒಂಟಿ ಜೇನ್ನೊಣಗಳಿಗೂ ಬಿಚ್ಚು ಮಣ್ಣು ಬೇಕು. ಹಾಗಾಗಿ ಒಂದು ಮೂಲೆಯನ್ನು ಬೋಳಾಗಿ ಬಿಟ್ಟಿದ್ದೇನೆ. ಕಳೆ ಏಳೋದೂ ಅಲ್ಲೇ, ತುಂಬೆ ಏಳೋದೂ ಅಲ್ಲೇ.

ಈ ವರ್ಷ ಭರಣಿ ಮಳೆಗೇ ಆ ಮೂಲೆ ಹಸಿರಾಯಿತು. ಎರಡೆಲೆ ಇರುವಾಗ ಎಲ್ಲವೂ ಒಂದೇ ಥರ. ನಾಲ್ಕೆಲೆ ಬರೋವರೆಗೆ ಕೈ ಕಟ್ಟಿಕೊಂಡು ಕೂರೋದು, ಆಮೇಲೆ ಅಕ್ಕನ ಜೊತೆ ಕುಕ್ಕರುಗಾಲಲ್ಲಿ ಕೂತು ಕೀಳೋದು ಅಂತ ತೀರ್ಮಾನ ಮಾಡಿದ್ದೆ. ಉಳಿಸಬೇಕಾದ್ದರ ಪಕ್ಕ ಐಸ್‌ಕ್ರೀಂ ಕಡ್ಡಿ ಚುಚ್ಚುತ್ತಾ ಹೋದೆವು. ತುಂಬೆ ಹನ್ನೊಂದು ಸಿಕ್ಕಿತು. ಬೀಜ ಮಣ್ಣಲ್ಲಿ ಇತ್ತಲ್ಲ, ನಾನು ಕಿತ್ತರೂ ಅದು ಮುಗಿದಿರಲಿಲ್ಲ. ಅಣ್ಣೆ ಸೊಪ್ಪನ್ನು ಅಕ್ಕ ಕವರಿಗೆ ತುಂಬಿಕೊಂಡರು.

ಒಂದು ಸಸಿ ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ. ಗೋರಂಟೆ ಬುಡದಲ್ಲಿ, ಎದುರುಬದುರು ನಯವಾದ ಎಲೆ, ವಾಸನೆ ಏನೂ ಇಲ್ಲ. ಬಿಟ್ಟೆವು. ಗೇಣುದ್ದ ಆದ ಮೇಲೆ ಗಿಡಗಳ ವಿಷಯ ಚೆನ್ನಾಗಿ ತಿಳಿದ ಗೆಳತಿಗೆ ಫೋಟೋ ಕಳಿಸಿದೆ. ಶ್ರೀಗಂಧ ಅಂದಳು. ಯಾವುದೋ ಹಕ್ಕಿ ಹಾಕಿರಬೇಕು. ಗಂಧದ ಪರಿಮಳ ಇರೋದು ಒಳಗಿನ ಚೇಗಿನಲ್ಲಿ, ಅದಕ್ಕೂ ಎಷ್ಟೋ ವರ್ಷ ಬಲಿಯಬೇಕು. ಎಲೆಯಲ್ಲಿ ಏನೂ ಇಲ್ಲ. ಅದೊಂದು ಅರೆ ಕಳ್ಳ ಗಿಡ ಕೂಡ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಚುಚ್ಚಿ ನೀರು, ಸಾರ ಎಳೆದುಕೊಂಡೇ ಬದುಕಬೇಕು. ಪಕ್ಕದ ಗೋರಂಟೆ ಈಚೆಗೆ ಸ್ವಲ್ಪ ಬಿಳಿಚಿಕೊಂಡಿದೆ ಅಂತ ನನಗೆ ಅನುಮಾನ. ಸುಮ್ನೆ ಅನುಮಾನವೂ ಇರಬಹುದು.

ಅಕ್ಕನಿಗೆ ಹೇಳಿದೆ, ಇದು ಗಂಧದ ಗಿಡವಂತೆ ಅಂತ. ಸಂತೋಷ ಪಡ್ತಾರೆ ಅಂದುಕೊಂಡಿದ್ದೆ. ಅವರು ಸೀರೆ ಎತ್ತಿಕಟ್ಟಿ ಬಗ್ಗಿ ನೋಡಿದರು. ಎದ್ದು ನಿಂತು ಗೇಟಿನ ಕಡೆ ಒಂದು ಸಲ ಕಣ್ಣು ಹಾಯಿಸಿದರು.

"ಕಿತ್ತಾಕವ್ವ ಈಗಲೇ," ಅಂದರು. "ನಾಳೆ ದೊಡ್ದಾದ್ರೆ ರಾತ್ರಿ ಗರಗಸ ಹಿಡ್ಕೊಂಡು ಬರ್ತಾರೆ. ನೀನೊಬ್ಳೇ ಇರ್ತೀಯ ಮನೇಲಿ."

ಇನ್ನೂ ಕಿತ್ತಿಲ್ಲ. ಐಸ್‌ಕ್ರೀಂ ಕಡ್ಡಿಯನ್ನು ಮಾತ್ರ ತೆಗೆದಿದ್ದೇನೆ.